ಕಣ್ಣು ಕೆಂಪಾಗಿಲ್ಲ, ನೋವೂ ಇಲ್ಲ. ಆದರೂ ಒಳಗೆ ಉರಿಯೂತ ಅಂತಾರೆ. ಅದು ಹೇಗೆ?

ಗಲ್ಲಾಪೆಟ್ಟಿಗೆ, ಘಾಟ್ಕೋಪರ್

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯ ಘಾಟ್ಕೋಪರಿನ ಒಂದು ಹೋಟೆಲಿನಲ್ಲಿ ಗಲ್ಲೆ ಮೇಲೆ ಕೂರುವವನು. ಊರು ಕುಂದಾಪುರದ ಹತ್ತಿರ. ಶುಗರ್ ಶುರುವಾಗಿ ಹದಿನಾಲ್ಕು ವರ್ಷ ಆಯಿತು. ಬಿಪಿಯೂ ಇದೆ. ಮಾತ್ರೆ ತಪ್ಪಿಸುವುದಿಲ್ಲ. ಪಥ್ಯ ಮಾತ್ರ ಹೋಟೆಲಿನವನ ಪಥ್ಯ. ಪರಿಚಯದವರು ಯಾರೇ ಬಂದರೂ ಅವರ ಜೊತೆ ಅರ್ಧ ಚಾ, ರಾತ್ರಿ ಶಟರ್ ಎಳೆದ ಮೇಲೆ ಊಟ. ಮೊನ್ನೆ ಎಚ್‌ಬಿಎ1ಸಿ, ಅದೇ ಮೂರು ತಿಂಗಳ ಶುಗರಿನ ಲೆಕ್ಕ, 9.4 ಬಂತು.

ಬಲಗಣ್ಣಿನದ್ದು ತೊಂದರೆ. ವೈಟರ್ ಬರೆದುಕೊಟ್ಟ ಚೀಟಿ ನೋಡಿದರೆ ಗೆರೆ ನಡುವಿನಲ್ಲಿ ಬಾಗುತ್ತದೆ. 3 ಯಾವುದು, 8 ಯಾವುದು ಗೊತ್ತಾಗುವುದಿಲ್ಲ. ಎಡಗಣ್ಣು ಮುಚ್ಚಿದರೆ ಎದುರಿಗೆ ನಿಂತವನ ಮೂಗಿನ ಜಾಗ ಮಸುಕು. ಈಗ ಜನ ಫೋನಿನಲ್ಲೇ ದುಡ್ಡು ಹಾಕುತ್ತಾರೆ, ಡಬ್ಬಿ ತಾನೇ ಮೊತ್ತ ಕೂಗುತ್ತದೆ, ಹಾಗಾಗಿ ಮರ್ಯಾದೆ ಉಳಿದಿದೆ. ನೋಟು ಕೊಡುವವರು ಬಂದರೆ ಎರಡೆರಡು ಸಲ ಎಣಿಸಬೇಕು.

ರೆಟಿನಾದ, ಅಂದರೆ ಕಣ್ಣಿನ ಹಿಂಭಾಗದ ಪರದೆಯ, ನಡುಭಾಗದಲ್ಲಿ ನೀರು ತುಂಬಿದೆ ಅಂತ ಕೆಲವು ತಿಂಗಳಿಂದ ಕಣ್ಣಿಗೆ ಇಂಜೆಕ್ಷನ್ ಕೊಡುತ್ತಿದ್ದಾರೆ. ಮೊದಮೊದಲು ಊತ ಇಳಿಯಿತು. ಆಮೇಲೆ ಇದ್ದಲ್ಲೇ ನಿಂತಿತು. ಈ ಸಲ ಡಾಕ್ಟರ್ ಸ್ಕ್ಯಾನ್ ನೋಡಿ, "ನಿಮಗೆ ಉರಿಯೂತದ ಪಾಲು ಜಾಸ್ತಿ ಇದ್ದಂತಿದೆ, ಸ್ಟೀರಾಯ್ಡ್ ಹಾಕಿ ನೋಡೋಣ" ಅಂದರು. ಹೊರಗೆ ಕಾರಿಡಾರ್ ತುಂಬಾ ಜನ. ಕೂತು ಕೇಳುವ ಹಾಗಿರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕನ್ನಡಿಯಲ್ಲಿ ನೋಡಿದರೆ ಕಣ್ಣು ಬೆಳ್ಳಗೆ ಚೆನ್ನಾಗೇ ಇದೆ. ಉರಿ ಇಲ್ಲ, ನೋವಿಲ್ಲ. ಹಾಗಾದರೆ ಉರಿಯೂತ ಎಲ್ಲಿದೆ? ಇದು ಸಕ್ಕರೆಯ ಕಾಯಿಲೆ ಅಲ್ವಾ, ಅದಕ್ಕೂ ಇದಕ್ಕೂ ಏನು ಸಂಬಂಧ? ಉರಿಯೂತವೇ ಆದರೆ ಮಾತ್ರೆಯಲ್ಲಿ ಹೋಗುವುದಿಲ್ಲವಾ? ಸ್ಟೀರಾಯ್ಡ್ ಅಂದರೆ ಶುಗರ್ ಏರುತ್ತದೆ ಅಂತ ಎಲ್ಲರೂ ಹೆದರಿಸುತ್ತಾರೆ. ನಮ್ಮ ಅತ್ತಿಗೆಯಂತೂ ದಿನಾ ಬಿಸಿನೀರಿಗೆ ಅರಿಶಿನ ಹಾಕಿ ಕುಡಿ, ಎಲ್ಲ ಹೋಗುತ್ತದೆ ಅನ್ನುತ್ತಾರೆ. ತಿಳಿದವರು ಬಿಡಿಸಿ ಹೇಳಿ.

ಚೆಂಬೂರ್ ಕ್ಯಾಂಪ್

ಅಣ್ಣಾ, ನಮ್ಮ ಮಾವನಿಗೂ ಕಣ್ಣು ಊದಿಕೊಂಡಿತ್ತು. ಮೆಡಿಕಲ್‌ನವನು ಒಂದು ಸ್ಟೀರಾಯ್ಡ್ ಡ್ರಾಪ್ಸ್ ಕೊಟ್ಟ, ವಾರದೊಳಗೆ ಸರಿಹೋಯಿತು. ಇಂಜೆಕ್ಷನ್ ಅಂತ ಯಾಕೆ ಸುಮ್ನೆ ಸಾವಿರಗಟ್ಟಲೆ ಸುರಿಯುತ್ತೀರಿ? ಹೆಸರು ಬೇಕಾದರೆ ಕೇಳಿ ಹೇಳುತ್ತೇನೆ.

ಓಸಿಟಿ ಕೋಣೆ, ಸಯನ್

ಚೆಂಬೂರಿನವರೇ, ಬೇಜಾರು ಮಾಡ್ಕೋಬೇಡಿ, ಆ ಡ್ರಾಪ್ಸ್ ಹೆಸರು ಇಲ್ಲಿ ಹಾಕಬೇಡಿ. ನಿಮ್ಮ ಮಾವನದ್ದು ಕಣ್ಣಿನ ಮುಂಭಾಗದ ತೊಂದರೆ ಇದ್ದಿರಬೇಕು. ಅಣ್ಣನದ್ದು ಹಿಂಭಾಗದ್ದು. ಡ್ರಾಪ್ಸ್ ಅಷ್ಟು ಹಿಂದಕ್ಕೆ ಸಾಕಷ್ಟು ತಲುಪುವುದಿಲ್ಲ. ಹೇಳದೆ ಕೇಳದೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಡ್ರಾಪ್ಸ್ ಹಾಕಿಕೊಂಡು, ಕಣ್ಣಿನ ಒತ್ತಡ ಏರಿ, ನರ ಒಣಗಿದ ಮೇಲೆ ಬರುವವರನ್ನು ನಾನು ನೋಡಿದ್ದೇನೆ. ಹೋದ ನರ ವಾಪಸ್ ಬರುವುದಿಲ್ಲ.

ನಾನು ಡಾಕ್ಟರ್ ಅಲ್ಲ, ಆಪ್ಟೋಮೆಟ್ರಿಸ್ಟ್. ರೆಟಿನಾ ಕ್ಲಿನಿಕ್ಕಿನಲ್ಲಿ ಓಸಿಟಿ ಅನ್ನುವ ರೆಟಿನಾದ ಸ್ಕ್ಯಾನ್ ತೆಗೆಯುವವಳು. ಊರು ಕಾರ್ಕಳ. "ಗದ್ದ ಇಲ್ಲಿಡಿ, ನಡುವಿನ ಗುರುತು ನೋಡಿ, ಮಿಟುಕಿಸಬೇಡಿ" ಅಂತ ಮರಾಠಿ, ಹಿಂದಿ, ತುಳು, ಕನ್ನಡದಲ್ಲಿ ದಿನವಿಡೀ ಹೇಳುವುದೇ ನನ್ನ ಕೆಲಸ. ಚಿಕಿತ್ಸೆ ಯಾವುದು ಅನ್ನುವುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು. ಒಳಗೆ ಏನಾಗುತ್ತಿದೆ ಅನ್ನುವುದನ್ನು ಹೇಳಬಲ್ಲೆ.

ಕೆಂಪು ಮತ್ತು ನೋವು ಎರಡೂ ಕಣ್ಣಿನ ಮುಂಭಾಗದ ವಿಷಯ. ಬಿಳಿ ಭಾಗದ ಮೇಲಿನ ರಕ್ತನಾಳ ಉಬ್ಬಿದರೆ ಕೆಂಪಾಗುತ್ತದೆ. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾದಲ್ಲಿ ನೋವಿನ ನರಗಳು ಕಿಕ್ಕಿರಿದಿವೆ, ಒಂದು ಧೂಳು ಬಿದ್ದರೂ ಕುಣಿಸಿಬಿಡುತ್ತದೆ. ರೆಟಿನಾದಲ್ಲಿ ನೋವಿನ ನರವೇ ಇಲ್ಲ. ಅಲ್ಲಿ ರಕ್ತ ಸೋರಿದರೂ, ಜೀವಕೋಶ ಸತ್ತರೂ ನಿಮಗೆ ಚಿವುಟಿದಷ್ಟೂ ತಿಳಿಯುವುದಿಲ್ಲ. ಇದಕ್ಕೆ ಸೋಂಕು, ಕೀವು ಇದ್ಯಾವುದೂ ಕಾರಣ ಅಲ್ಲ. ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದಾಗ ಸಣ್ಣ ರಕ್ತನಾಳಗಳ ಒಳಗೋಡೆ ಮೆಲ್ಲಗೆ, ಬಿಡದೆ ಕೆರಳಿಕೊಂಡೇ ಇರುತ್ತದೆ. ಇಲ್ಲಿ ಉರಿಯೂತ ಅಂದರೆ ಇದೇ.

ಯಾಕೆ ಕೆರಳುತ್ತದೆ? ಸ್ನಾಯುವಿನ ಕೋಶದೊಳಗೆ ಸಕ್ಕರೆ ಸರಿಯಾಗಿ ಹೋಗಬೇಕಾದರೆ ಇನ್ಸುಲಿನ್ ಬೇಕು. ರೆಟಿನಾದ ರಕ್ತನಾಳದ ಕೋಶಕ್ಕೆ ಅದರ ಹಂಗಿಲ್ಲ. ಗ್ಲೂಟ್-1 ಅನ್ನುವ ಪ್ರೋಟೀನ್ ಸಕ್ಕರೆಯನ್ನು ಹಾಗೇ ಒಳಗೆ ಬಿಡುತ್ತದೆ. ರಕ್ತದಲ್ಲಿ ಏರಿದರೆ ಕೋಶದಲ್ಲೂ ಏರುತ್ತದೆ. ಆಗ ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಲ್ಲಿ ಸೂಪರ್‌ಆಕ್ಸೈಡ್ ಅನ್ನುವ ಕೆಟ್ಟ ಕಣಗಳು ಹೆಚ್ಚುತ್ತವೆ. ಕೋಶದ ಪೊರೆ, ಪ್ರೋಟೀನು, ಡಿಎನ್‌ಎ ಎಲ್ಲಕ್ಕೂ ಪೆಟ್ಟು ಬೀಳುತ್ತದೆ.

ಇನ್ನೊಂದು ದಾರಿಯೂ ಇದೆ, ಅದು ನಿಮ್ಮ ರಿಪೋರ್ಟಿನಲ್ಲೇ ಕಾಣುತ್ತದೆ. 9.4 ಅಂದರೆ ಏನು? ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ನಲ್ಲಿ ನೂರಕ್ಕೆ ಒಂಬತ್ತು ಚಿಲ್ಲರೆ ಪಾಲಿಗೆ ಸಕ್ಕರೆ ಅಂಟಿದೆ ಅಂತ. ಹಿಮೋಗ್ಲೋಬಿನ್‌ಗೆ ಅಂಟುವ ಸಕ್ಕರೆ ರಕ್ತನಾಳದ ಗೋಡೆಯ ಪ್ರೋಟೀನನ್ನು ಬಿಡುತ್ತದಾ? ಅಲ್ಲಿಗೂ ಅಂಟುತ್ತದೆ. ಕೆಂಪು ರಕ್ತಕಣ ಸುಮಾರು 120 ದಿನಕ್ಕೆ ಸತ್ತು ಹೊಸದು ಬರುತ್ತದೆ, ಹಾಗಾಗಿ ಮೂರು ತಿಂಗಳು ಹತೋಟಿ ಮಾಡಿದರೆ ರಿಪೋರ್ಟ್ ಚೆಂದ ಬರುತ್ತದೆ. ಗೋಡೆಯ ಪ್ರೋಟೀನ್ ಅಷ್ಟು ಬೇಗ ಬದಲಾಗುವುದಿಲ್ಲ. ಅಂಟಿದ್ದು ಅಂಟಿದ ಹಾಗೇ ಉಳಿದು ಗೋಡೆ ದಪ್ಪವಾಗಿ ಗಡುಸಾಗುತ್ತದೆ.

ಈಗ ಬಿಳಿ ರಕ್ತಕಣದ ಕಥೆ. ನನಗೆ ಇಡೀ ವಿಷಯದಲ್ಲಿ ಇದೇ ಮುಖ್ಯ ಅನಿಸುತ್ತದೆ. ಕೆರಳಿದ ಗೋಡೆ ತನ್ನ ಒಳಮೈ ಮೇಲೆ ಐಸಿಎಎಂ-1 ಅನ್ನುವ ಪ್ರೋಟೀನನ್ನು ಜಾಸ್ತಿ ಹೊರಗೆ ಹಾಕುತ್ತದೆ. ದಾರಿಯಲ್ಲಿ ಹೋಗುವ ಬಿಳಿ ಕಣಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ. ರೆಟಿನಾದ ತೀರಾ ಸಣ್ಣ ರಕ್ತನಾಳದ ಅಗಲ ಐದಾರು ಮೈಕ್ರಾನ್ (ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಬಿಳಿ ಕಣದ್ದು ಹತ್ತರಿಂದ ಹನ್ನೆರಡು. ಅಂದರೆ ಮಾಮೂಲಿ ದಿನದಲ್ಲೂ ಅದು ಮೈ ಹಿಂಡಿಕೊಂಡೇ ದಾಟಬೇಕು. ಅಂಥದ್ದು ಅಂಟಿ ನಿಂತರೆ ಏನಾಗುತ್ತದೆ? ಹಿಂದಿನ ರಕ್ತ ನಿಂತುಹೋಗುತ್ತದೆ, ಮುಂದಿನ ಜಾಗಕ್ಕೆ ಆಮ್ಲಜನಕ ಸಿಗುವುದಿಲ್ಲ. ಅಂಟಿದ ಕಣ ಸುಮ್ನೆ ಕೂರುವುದೂ ಇಲ್ಲ. ತನ್ನಲ್ಲಿರುವ ರಾಸಾಯನಿಕ ಬಿಟ್ಟು ಪಕ್ಕದ ಗೋಡೆಯ ಕೋಶವನ್ನೇ ಸಾಯಿಸುತ್ತದೆ.

ಆಮ್ಲಜನಕ ಸಿಗದ ಭಾಗ ವಿಇಜಿಎಫ್ ಅನ್ನುವ ಪ್ರೋಟೀನನ್ನು ಬಿಡುತ್ತದೆ. ಹೊಸ ರಕ್ತನಾಳ ಬೆಳೆಸು, ಇರುವುದನ್ನು ಸಡಿಲ ಮಾಡು ಅನ್ನುವ ಸಂದೇಶ ಅದು. ಶುಗರಿನಿಂದ ರೆಟಿನಾ ಕೆಟ್ಟು ಹೊಸ ರಕ್ತನಾಳ ಬೆಳೆದವರ ಕಣ್ಣಿನ ದ್ರವದಲ್ಲಿ ಇದು ಹೆಚ್ಚಿರುತ್ತದೆ ಅಂತ 1994ರಲ್ಲೇ ತೋರಿಸಿದ್ದಾರೆ. ನೀವು ಇಷ್ಟು ದಿನ ತಗೊಂಡ ಇಂಜೆಕ್ಷನ್ ಹಿಡಿಯುವುದು ಇದನ್ನೇ. ತಮಾಷೆ ಏನೆಂದರೆ ವಿಇಜಿಎಫ್ ಹೆಚ್ಚಾದರೆ ಐಸಿಎಎಂ-1 ಇನ್ನೂ ಹೆಚ್ಚುತ್ತದೆ. ಇನ್ನಷ್ಟು ಬಿಳಿ ಕಣ ಅಂಟುತ್ತದೆ, ಇನ್ನಷ್ಟು ಜಾಗ ಉಸಿರುಗಟ್ಟುತ್ತದೆ.

ನೀರು ತುಂಬುವುದು ಹೇಗೆ ಅಂತ ಹೋಟೆಲಿನವರಿಗೆ ಹೇಳುವುದು ಸುಲಭ. ಚಾ ಸೋಸುವ ಬಟ್ಟೆ ಹೊಸದಿದ್ದಾಗ ಒಂದು ಚೂರು ಪುಡಿ ಕೆಳಗೆ ಬೀಳುವುದಿಲ್ಲ. ಸೋಡಾ ಹಾಕಿ ಹಾಕಿ ಒಗೆದು ನೂಲು ಸರಿದ ಮೇಲೆ? ತೂತು ಕಾಣುವುದಿಲ್ಲ, ಆದರೂ ಲೋಟದ ತಳದಲ್ಲಿ ಪುಡಿ. ರೆಟಿನಾದ ರಕ್ತನಾಳದಲ್ಲಿ ಕೋಶಕ್ಕೂ ಕೋಶಕ್ಕೂ ನಡುವೆ ಬಿಗಿಯಾದ ಹೆಣಿಗೆ ಇದೆ. ಅದು ಸಡಿಲವಾದರೆ ರಕ್ತದ ನೀರು, ಪ್ರೋಟೀನು, ಕೊಬ್ಬು ಹೊರಗೆ ಬಂದು ರೆಟಿನಾದ ಪದರಗಳ ನಡುವೆ ಕೂರುತ್ತದೆ. ನಡುಭಾಗದಲ್ಲಿ ಕೂತರೆ ನಿಮ್ಮ ಚೀಟಿಯ ಗೆರೆ ಬಾಗುತ್ತದೆ.

ರಕ್ತನಾಳದ ಹೊರಗಡೆ ಪೆರಿಸೈಟ್ ಅಂತ ಇನ್ನೊಂದು ಬಗೆಯ ಕೋಶ ಇದೆ, ಗೋಡೆಯನ್ನು ತಬ್ಬಿಕೊಂಡು ಆಧಾರ ಕೊಡುತ್ತದೆ. ರೆಟಿನಾದಲ್ಲಿ ಇದು ಬೇರೆ ಕಡೆಗಿಂತ ತುಂಬಾ ದಟ್ಟ, ಹೆಚ್ಚುಕಡಿಮೆ ಒಂದು ಗೋಡೆಕೋಶಕ್ಕೆ ಒಂದು. ಶುಗರಿನಲ್ಲಿ ಬೇಗ ಸಾಯುವವುಗಳಲ್ಲಿ ಇದೂ ಒಂದು. ಆಧಾರ ಹೋದ ಕಡೆ ಗೋಡೆ ಉಬ್ಬುತ್ತದೆ. ಡಾಕ್ಟರ್ ಫೋಟೋದಲ್ಲಿ ತೋರಿಸುವ ಸಣ್ಣ ಕೆಂಪು ಚುಕ್ಕಿಗಳು ಇವೇ.

ಹಾಗಂತ ರಕ್ತನಾಳ ಮಾತ್ರ ಹಾಳಾಗುತ್ತದೆ ಅಂದುಕೊಳ್ಳಬೇಡಿ. ರೆಟಿನಾದಲ್ಲಿ ಮೈಕ್ರೋಗ್ಲಿಯಾ ಅನ್ನುವ ಕಾವಲು ಕೋಶಗಳಿವೆ. ಆರಾಮ ಇದ್ದಾಗ ಉದ್ದುದ್ದ ಕೈ ಚಾಚಿಕೊಂಡು ಸುತ್ತ ತಡಕಾಡುತ್ತಿರುತ್ತವೆ. ಕೆರಳಿದಾಗ ಕೈ ಒಳಗೆಳೆದುಕೊಂಡು ದುಂಡಗಾಗಿ ಟಿಎನ್‌ಎಫ್-ಆಲ್ಫಾ, ಐಎಲ್-1-ಬೀಟಾ ಅನ್ನುವ ಉರಿಯೂತದ ವಸ್ತುಗಳನ್ನು ಸುರಿಯುತ್ತವೆ. ಪಕ್ಕದ ನರಕೋಶಗಳಿಗೆ ಅದು ಆಗಿಬರುವುದಿಲ್ಲ. ಕೆಂಪು ಚುಕ್ಕಿ ಕಾಣುವ ಮುಂಚೆಯೇ ನರದ ಪದರ ತೆಳುವಾಗಲು ಶುರುವಾಗಬಹುದು.

ಡಾಕ್ಟರ್ ನಿಮ್ಮ ಸ್ಕ್ಯಾನಿನಲ್ಲಿ ಏನು ನೋಡಿ ಹಾಗೆ ಹೇಳಿದರೋ ನಾನು ಕಾಣೆ. ನಮ್ಮ ಮೆಷಿನ್ನಿನಲ್ಲಿ ಇಂಥ ಕಣ್ಣು ಬಂದರೆ ಹೀಗಿರುತ್ತದೆ: ನಡುವೆ ಸಣ್ಣ ಹಳ್ಳ ಇರಬೇಕಾದ ಜಾಗದಲ್ಲಿ ಗುಡ್ಡ, ಅದರೊಳಗೆ ಕಪ್ಪು ಗುಳ್ಳೆಗಳು, ಅಲ್ಲಲ್ಲಿ ಹೊಳೆಯುವ ಬಿಳಿ ಚುಕ್ಕಿಗಳು. ಕೆಲವೊಮ್ಮೆ ರೆಟಿನಾದ ಅಡಿಯಲ್ಲೂ ನೀರಿನ ಒಂದು ಕಪ್ಪು ಪಟ್ಟಿ. ಆ ಬಿಳಿ ಚುಕ್ಕಿಗಳಲ್ಲಿ ಒಂದಷ್ಟು ಕೆರಳಿದ ಮೈಕ್ರೋಗ್ಲಿಯಾ ಅಂತ ಹಲವರ ಅಭಿಪ್ರಾಯ, ಒಂದಷ್ಟು ಸೋರಿದ ಕೊಬ್ಬು. ಚುಕ್ಕಿಗಳು ತುಂಬಾ ಇದ್ದು, ಅಡಿಯಲ್ಲಿ ನೀರೂ ಇದ್ದರೆ ಉರಿಯೂತದ ಪಾಲು ಜಾಸ್ತಿ ಅಂತ ರೆಟಿನಾ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ.

ಹಳೇ ಇಂಜೆಕ್ಷನ್ ಮುಖ್ಯವಾಗಿ ವಿಇಜಿಎಫ್ ಒಂದನ್ನೇ ಹಿಡಿಯುತ್ತದೆ. ಸ್ಟೀರಾಯ್ಡ್ ಉರಿಯೂತದ ಹಲವು ವಸ್ತುಗಳನ್ನು ಒಟ್ಟಿಗೆ ತಗ್ಗಿಸುತ್ತದೆ, ವಿಇಜಿಎಫ್ ಕೂಡ ಅದರಲ್ಲಿ ಸೇರಿದೆ. ಮಾತ್ರೆಯಲ್ಲಿ ಯಾಕೆ ಬೇಡ ಅಂದರೆ, ಹೊಟ್ಟೆಗೆ ತಗೊಂಡ ಸ್ಟೀರಾಯ್ಡ್ ಶುಗರನ್ನು ಕಂಡಾಪಟ್ಟೆ ಏರಿಸುತ್ತದೆ. ನಿಮ್ಮ ಭಯ ಅಷ್ಟರ ಮಟ್ಟಿಗೆ ಸರಿ. ಕಣ್ಣೊಳಗೆ ಇಡುವ ಡೆಕ್ಸಾಮೆಥಸೋನ್ ಅನ್ನುವ ಸ್ಟೀರಾಯ್ಡಿನ ಸಣ್ಣ ಕಡ್ಡಿಯಲ್ಲಿ ಇರುವುದು 0.7 ಮಿಲಿಗ್ರಾಂ ಔಷಧಿ. ಅದು ಕಣ್ಣೊಳಗೇ ನಿಧಾನ ಕರಗುತ್ತದೆ. ಮೈಯ ರಕ್ತಕ್ಕೆ ಸೇರುವುದು ತೀರಾ ಕಮ್ಮಿ.

ಹಳೇ ಲ್ಯಾಬ್ ಕೋಟು, ಮಾಟುಂಗಾ

ಮೇಲಿನ ತಂಗಿ ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನಾನು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು, ನನಗೂ ಶುಗರ್ ಇದೆ, ಹಾಗಾಗಿ ಎರಡು ಮಾತು ಸೇರಿಸುತ್ತೇನೆ. ಮೇಷ್ಟ್ರ ಚಾಳಿ, ಉದ್ದವಾದರೆ ಕ್ಷಮಿಸಿ ಮಾರಾಯ್ರೇ.

ಪೆರಿಸೈಟ್ ಸಾಯುತ್ತದೆ ಅಂತ ಗೊತ್ತಾದದ್ದು 1960ರ ಆಸುಪಾಸಿನಲ್ಲಿ. ಅಮೆರಿಕದಲ್ಲಿ ಡೇವಿಡ್ ಕೋಗನ್ ಮತ್ತು ತೊಯಿಚಿರೊ ಕುವಾಬಾರಾ ಸತ್ತವರ ರೆಟಿನಾವನ್ನು ಟ್ರಿಪ್ಸಿನ್ ಅನ್ನುವ ಕಿಣ್ವದಲ್ಲಿ ನೆನೆಸಿದರು. ಮಾಂಸದ ಪದರ ಎಲ್ಲ ಕರಗಿ ರಕ್ತನಾಳಗಳ ಬಲೆ ಮಾತ್ರ ಗಾಜಿನ ಮೇಲೆ ಉಳಿಯಿತು. ಶುಗರ್ ಇದ್ದವರ ಬಲೆಯಲ್ಲಿ ಪೆರಿಸೈಟ್ ಇರಬೇಕಾದ ಕಡೆ ಖಾಲಿ ಗೂಡು. ಕೆಲವು ನಾಳಗಳಲ್ಲಿ ಒಂದು ಕೋಶವೂ ಇಲ್ಲ, ಬರೀ ಕೊಳವೆ. ಅದರಲ್ಲಿ ರಕ್ತ ಹರಿಯುವ ಮಾತೇ ಇಲ್ಲ. ಎಷ್ಟು ಸರಳ ಉಪಾಯ ನೋಡಿ. ನಾನು ಮಕ್ಕಳಿಗೆ ಹೇಳುವಾಗ ಪ್ರತಿ ವರ್ಷ ಇದನ್ನು ಬಿಡುತ್ತಿರಲಿಲ್ಲ.

ಉರಿಯೂತದ ಸುಳಿವು ಸಿಕ್ಕಿದ್ದು ಬೇರೆ ದಾರಿಯಿಂದ. 1964ರಲ್ಲಿ ಒಂದು ವರದಿ ಬಂತು. ಶುಗರಿನ ಜೊತೆಗೆ ಕೀಲುವಾತವೂ ಇದ್ದು, ಅದಕ್ಕಾಗಿ ಆಸ್ಪಿರಿನ್ ಜಾತಿಯ ಮಾತ್ರೆಯನ್ನು ದೊಡ್ಡ ಪ್ರಮಾಣದಲ್ಲಿ ನುಂಗುತ್ತಿದ್ದವರಿಗೆ ಕಣ್ಣಿನ ತೊಂದರೆ ಅಂದುಕೊಂಡಷ್ಟು ಕಾಣಲಿಲ್ಲ ಅಂತ. ಹಾಗಾದರೆ ಎಲ್ಲರಿಗೂ ಆಸ್ಪಿರಿನ್ ಕೊಟ್ಟುಬಿಡೋಣ ಅಂತ ಅನಿಸುತ್ತದೆ ಅಲ್ವಾ? ಕೊಟ್ಟರು. ಇಟಿಡಿಆರ್‌ಎಸ್ ಅನ್ನುವ ದೊಡ್ಡ ಪರೀಕ್ಷೆಯಲ್ಲಿ 3,711 ಜನ ಇದ್ದರು. ದಿನಕ್ಕೆ 650 ಮಿಲಿಗ್ರಾಂ ಆಸ್ಪಿರಿನ್. 1991ರಲ್ಲಿ ಫಲಿತಾಂಶ ಬಂತು: ಕಣ್ಣಿಗೆ ಉಪಯೋಗ ಆಗಲಿಲ್ಲ, ಕೆಡುಕೂ ಆಗಲಿಲ್ಲ. ಆ ಪ್ರಮಾಣ ಕೀಲುವಾತದವರ ಪ್ರಮಾಣಕ್ಕಿಂತ ಎಷ್ಟೋ ಕಮ್ಮಿ ಅನ್ನುವುದು ನಿಜ. ಆದರೆ ಆ ದೊಡ್ಡ ಪ್ರಮಾಣ ವರ್ಷಗಟ್ಟಲೆ ನುಂಗಿದರೆ ಹೊಟ್ಟೆ ಉಳಿಯುತ್ತದಾ?

ಇದರಿಂದ ನಮಗೆ ಎರಡು ಉಪಯೋಗ. ಹೃದಯಕ್ಕೆ ಅಂತ ಇಕೋಸ್ಪ್ರಿನ್ (ಅದೂ ಆಸ್ಪಿರಿನ್ನೇ) ತಗೊಳ್ಳುವವರು ಕಣ್ಣಲ್ಲಿ ರಕ್ತ ಬಂತು ಅಂತ ಹೆದರಿ ತಾವಾಗಿ ನಿಲ್ಲಿಸಬೇಕಿಲ್ಲ. ಮತ್ತೆ, ಉರಿಯೂತ ಅಂದ ಮಾತ್ರಕ್ಕೆ ಅಂಗಡಿಯ ನೋವಿನ ಮಾತ್ರೆ ನುಂಗಿದರೆ ರೆಟಿನಾ ಸರಿಯಾಗುವುದಿಲ್ಲ. ಶುಗರ್ ಇರುವವರ ಕಿಡ್ನಿಗೆ ಆ ಮಾತ್ರೆಗಳು ಶತ್ರು.

ಅರಿಶಿನದ ಬಗ್ಗೆ ನಿಮ್ಮ ಅತ್ತಿಗೆಗೆ ಬೇಜಾರಾಗದ ಹಾಗೆ ಹೇಳಿ. ಅದರಲ್ಲಿರುವ ಕರ್ಕ್ಯುಮಿನ್ ಶುಗರ್ ಇರುವ ಇಲಿಗಳ ಕಣ್ಣಿಗೆ ಒಳ್ಳೆಯದು ಮಾಡಿದ ಪ್ರಯೋಗಗಳಿವೆ. ನಾವು ಕುಡಿದರೆ ಕರುಳು ಅದನ್ನು ಹೀರಿಕೊಳ್ಳುವುದು ಬಹಳ ಕಮ್ಮಿ. ಸಾರಿಗೆ, ಪಲ್ಯಕ್ಕೆ ಹಾಕಿಕೊಳ್ಳಿ. ಡಾಕ್ಟರ್ ಕೊಟ್ಟ ತಾರೀಖು ತಪ್ಪಿಸಿ ಅರಿಶಿನ ಕುಡಿಯಬೇಡಿ.

ಹಳೇ ಇಂಜೆಕ್ಷನ್ನಿಗೆ ಊತ ಪೂರ್ತಿ ಇಳಿಯಲಿಲ್ಲ ಅಂತ ನೀವೊಬ್ಬರೇ ಕೊರಗಬೇಕಿಲ್ಲ. ಮೂರು ಬೇರೆ ಬೇರೆ ಔಷಧಿ ಹೋಲಿಸಿದ ಅಮೆರಿಕದ ಪರೀಕ್ಷೆಯಲ್ಲಿ 24 ವಾರದ ನಂತರವೂ ಊತ ಉಳಿದವರು, ಔಷಧಿ ಯಾವುದು ಅನ್ನುವುದರ ಮೇಲೆ, ನೂರಕ್ಕೆ 32ರಿಂದ 66 ಮಂದಿ. ಅದರಲ್ಲಿ ಎಷ್ಟೋ ಮಂದಿಗೆ ಅದೇ ಔಷಧಿ ಮುಂದುವರಿಸಿದಾಗಲೂ ದೃಷ್ಟಿ ಸುಧಾರಿಸಿತು. ಆದ್ದರಿಂದ ಬದಲಾಯಿಸುವುದಾ, ಮುಂದುವರಿಸುವುದಾ ಅನ್ನುವುದನ್ನು ಡಾಕ್ಟರ ಹತ್ತಿರ ಇನ್ನೊಮ್ಮೆ ಕೇಳಿ. ಈಗ ವಿಇಜಿಎಫ್ ಜೊತೆಗೆ ಆಂಜಿಯೋಪೊಯೆಟಿನ್-2 ಅನ್ನುವುದನ್ನೂ ಹಿಡಿಯುವ ಫಾರಿಸಿಮ್ಯಾಬ್ ಇದೆ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಸಿಕ್ಕಿತು. ಆ ಎರಡನೆಯದು ಗೋಡೆಯನ್ನು ಸಡಿಲ ಮಾಡಿ ಉರಿಯೂತಕ್ಕೆ ದಾರಿ ಬಿಡುವ ವಸ್ತು.

ಥಾಣೆ ಪೂರ್ವ

ನಾನು ಇದೇ ಸ್ಟೀರಾಯ್ಡ್ ಕಡ್ಡಿ ಹಾಕಿಸಿಕೊಂಡವನು. ಓದಿ ತಿಳಿದದ್ದಲ್ಲ, ಅನುಭವಿಸಿದ್ದು ಹೇಳುತ್ತೇನೆ.

ಮಾಮೂಲಿ ಇಂಜೆಕ್ಷನ್ನಿಗಿಂತ ಸೂಜಿ ದಪ್ಪ. ಮರಗಟ್ಟುವ ಡ್ರಾಪ್ಸ್ ಹಾಕಿರುತ್ತಾರೆ, ನೋವು ಅನ್ನುವುದಕ್ಕಿಂತ ಒತ್ತಿದ ಹಾಗಾಗುತ್ತದೆ. ಟಕ್ ಅಂತ ಒಂದು ಶಬ್ದ ಬರುತ್ತದೆ, ಮೊದಲೇ ಹೇಳದಿದ್ದರೆ ಬೆಚ್ಚಿಬೀಳುತ್ತೀರಿ. ಕಡ್ಡಿ ಆರು ಮಿಲಿಮೀಟರ್ ಉದ್ದ. ಕೆಲವು ದಿನ ತಲೆ ಆಡಿಸಿದಾಗ ಸಣ್ಣ ನೆರಳೊಂದು ಆಚೀಚೆ ತೇಲುತ್ತಿತ್ತು. ಇಂಜೆಕ್ಷನ್ನಿಗಿಂತ ಮುಂಚೆ ಕಣ್ಣು ತೊಳೆಯುವ ಕಂದು ಬಣ್ಣದ ಅಯೋಡಿನ್ ಇದೆಯಲ್ಲ, ನನಗೆ ನಿಜವಾದ ಕಾಟ ಅದರದ್ದು. ರಾತ್ರಿಯವರೆಗೂ ಮರಳು ಬಿದ್ದ ಹಾಗೆ ಚುಚ್ಚುತ್ತಿತ್ತು.

ಊತ ಚೆನ್ನಾಗಿ ಇಳಿಯಿತು. ಎರಡು ತಿಂಗಳ ಹೊತ್ತಿಗೆ ಒಳ್ಳೆ ದೃಷ್ಟಿ ಇತ್ತು. ನಾಲ್ಕನೇ ತಿಂಗಳ ನಂತರ ಮತ್ತೆ ಮಸುಕು ಶುರು. ಅದು ಮೂರರಿಂದ ಆರು ತಿಂಗಳು ಕೆಲಸ ಮಾಡುವ ಔಷಧಿ ಅಂತ ಆಮೇಲೆ ಕೇಳಿದಾಗ ಹೇಳಿದರು. ನೀವು ಮೊದಲೇ ಕೇಳಿಕೊಳ್ಳಿ.

ಕಣ್ಣಿನ ಒತ್ತಡ ಏರಿತು. ಇದು ಅಪರೂಪ ಏನಲ್ಲ, ಹತ್ತರಲ್ಲಿ ನಾಲ್ಕು ಮಂದಿಗೆ ಒತ್ತಡ ಇಳಿಸುವ ಡ್ರಾಪ್ಸ್ ಬೇಕಾಗುತ್ತದಂತೆ. ನನಗೆ ಟಿಮೊಲಾಲ್ ಬರೆಯಲು ಹೊರಟಿದ್ದರು. ದಮ್ಮು ಇದೆ ಅಂತ ಹೇಳಿದ ಮೇಲೆ ಬೇರೆ ಕೊಟ್ಟರು. ದಮ್ಮು ಇದ್ದವರು ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಕಣ್ಣಿನ ಪೊರೆಯೂ ಬೇಗ ಬೆಳೆಯುತ್ತದೆ. ಪೊರೆಯ ಆಪರೇಶನ್ ಮೊದಲೇ ಆದವರಿಗೆ ಆ ಚಿಂತೆ ಇಲ್ಲ. ಅದಕ್ಕೇ ಅಂಥವರಿಗೆ ಡಾಕ್ಟರುಗಳು ಸ್ಟೀರಾಯ್ಡನ್ನು ಹೆಚ್ಚು ಧೈರ್ಯದಿಂದ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಇದ್ದರೆ ಅದನ್ನೂ ಹೇಳಿ.

ಇಂಜೆಕ್ಷನ್ ಆಗಿ ಎರಡು ಮೂರು ದಿನಕ್ಕೆ ಕಣ್ಣು ಕೆಂಪಾಗಿ, ನೋವು ಜಾಸ್ತಿಯಾಗಿ, ದೃಷ್ಟಿ ಇಳಿದರೆ ನಾಳೆ ನೋಡೋಣ ಅನ್ನಬೇಡಿ. ಅದು ಸೋಂಕು ಇರಬಹುದು. ರಾತ್ರಿಯಾದರೂ ಓಡಿ.

ದುಡ್ಡಿನ ವಿಷಯ. ನನ್ನ ಮೆಡಿಕ್ಲೈಮ್ ಕಂಪನಿ "ರಾತ್ರಿ ಉಳಿದಿಲ್ಲ, ಕೊಡುವುದಿಲ್ಲ" ಅಂತ ಕಾಗದ ವಾಪಸ್ ಕಳಿಸಿತು. ಕಣ್ಣೊಳಗಿನ ಇಂಜೆಕ್ಷನ್ ಅನ್ನು ವಿಮೆ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ 2019ರಲ್ಲೇ ಆಧುನಿಕ ಚಿಕಿತ್ಸೆಗಳ ಪಟ್ಟಿಗೆ ಸೇರಿಸಿತ್ತು, ಪೂರ್ತಿ ಹೊರಗಿಡುವ ಹಾಗಿರಲಿಲ್ಲ. ಇದನ್ನು ಬರೆದು ದೂರು ಕೊಟ್ಟ ಮೇಲೆ ಒಂದು ಪಾಲು ಬಂತು. ಮಿತಿ ಇರುತ್ತದೆ, ಪಾಲಿಸಿಯಲ್ಲಿ ಸಣ್ಣ ಅಕ್ಷರ ಓದಿ. ಓದಲು ಕಣ್ಣು ಬಿಡದಿದ್ದರೆ ಮಗನ ಕೈಲಿ ಓದಿಸಿ.

ಡ್ರಾಪ್ಸ್ ಹಾಕಿ ಕಣ್ಣಿನ ಪಾಪೆ ದೊಡ್ಡದು ಮಾಡಿದ ದಿನ ಒಬ್ಬರೇ ಲೋಕಲ್ ರೈಲು ಹತ್ತಬೇಡಿ. ಸ್ಟೇಷನ್ನಿನ ಇಂಡಿಕೇಟರ್ ಕಾಣುವುದಿಲ್ಲ. ನಾನು ಸ್ಲೋ ಅಂತ ಫಾಸ್ಟ್ ಹತ್ತಿ ಡೊಂಬಿವಲಿ ನೋಡಿಕೊಂಡು ಬಂದಿದ್ದೇನೆ.

ಗಲ್ಲಾಪೆಟ್ಟಿಗೆ, ಘಾಟ್ಕೋಪರ್

ಎಲ್ಲರಿಗೂ ದೊಡ್ಡ ನಮಸ್ಕಾರ. ಚಾ ಬಟ್ಟೆಯ ಮಾತು ಅಡುಗೆ ಭಟ್ಟರಿಗೆ ಓದಿ ಹೇಳಿದೆ. ಅವರು ಬಟ್ಟೆ ಬದಲಾಯಿಸಿದರು, ಅಷ್ಟು ಲಾಭ ಆಯಿತು.

ಇನ್ನೆರಡು ಪ್ರಶ್ನೆ ಇದೆ. ಕೋಶ ಸತ್ತರೆ ಬರುವುದಿಲ್ಲ ಅಂದರೆ ಈಗ ಶುಗರ್ ಇಳಿಸಿ ಏನು ಪ್ರಯೋಜನ? ಪ್ರಯೋಜನ ಇದ್ದರೆ ಒಂದೇ ತಿಂಗಳಲ್ಲಿ 9.4ರಿಂದ 6ಕ್ಕೆ ತರುವ ಹಠ ಹಿಡಿದಿದ್ದೇನೆ. ಅನ್ನ ಬಿಟ್ಟೆ. ಮಗ ವಾರಕ್ಕೊಂದು ಹಾಕುವ ಹೊಸ ಇಂಜೆಕ್ಷನ್ ಬಗ್ಗೆ ಹೇಳುತ್ತಿದ್ದಾನೆ. ನಮ್ಮ ಹೋಟೆಲಿನ ಒಬ್ಬ ಹುಡುಗನಿಗೆ ಹೋದ ವಾರ ಶುಗರ್ ಅಂತ ಗೊತ್ತಾಯಿತು, ವಯಸ್ಸು ಇನ್ನೂ ಮೂವತ್ತೆರಡು. ಅವನಿಗೆ ಕಣ್ಣು ಚೆನ್ನಾಗೇ ಕಾಣುತ್ತದೆ. ಅವನು ಈಗಲೇ ತೋರಿಸಬೇಕಾ?

ಹಳೇ ಲ್ಯಾಬ್ ಕೋಟು, ಮಾಟುಂಗಾ

ಹಠ ಒಳ್ಳೆಯದು, ವೇಗ ಬೇಡ. ಬಹಳ ದಿನ ಏರಿದ್ದ ಶುಗರ್ ತಟಕ್ಕನೆ ಇಳಿದರೆ, ಮೊದಲೇ ಕೆಟ್ಟಿರುವ ರೆಟಿನಾ ಕೆಲವರಲ್ಲಿ ಇನ್ನಷ್ಟು ಕೆಡುತ್ತದೆ. ವಾರದ ಇಂಜೆಕ್ಷನ್ ಸೆಮಾಗ್ಲುಟೈಡ್ ಬಗ್ಗೆ 2016ರಲ್ಲಿ ಬಂದ ಪರೀಕ್ಷೆಯಲ್ಲಿ ರೆಟಿನಾ ತೊಂದರೆ ಔಷಧಿ ತಗೊಂಡವರಲ್ಲಿ ನೂರಕ್ಕೆ 3.0, ತಗೊಳ್ಳದವರಲ್ಲಿ 1.8. ಶುಗರ್ ಬೇಗ ಇಳಿದದ್ದೇ ಮುಖ್ಯ ಕಾರಣ ಇರಬೇಕು ಅಂತ ಹೆಚ್ಚಿನವರ ಅಭಿಪ್ರಾಯ. ಔಷಧಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಿಮ್ಮ ಕಣ್ಣಿನ ಸ್ಥಿತಿ ಶುಗರ್ ಡಾಕ್ಟರಿಗೆ ಗೊತ್ತಿರಬೇಕು, ಶುಗರ್ ಇಳಿಸುವ ವೇಗ ಕಣ್ಣಿನ ಡಾಕ್ಟರಿಗೆ ಗೊತ್ತಿರಬೇಕು. ಇಬ್ಬರೂ ಬೇರೆ ಬೇರೆ ಕಟ್ಟಡದಲ್ಲಿ ಕೂರುತ್ತಾರೆ, ಕಾಗದ ಹೊತ್ತು ಓಡಾಡುವವರು ನೀವೇ.

ಪ್ರಯೋಜನ ಇದೆಯಾ ಅಂತ ಕೇಳಿದಿರಿ. ಖಂಡಿತ ಇದೆ. 1993ರ ಡಿಸಿಸಿಟಿ ಪರೀಕ್ಷೆ ಟೈಪ್ 1ರವರ, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗುವುದೇ ನಿಂತವರ, ಮೇಲೆ ನಡೆದದ್ದು. ಬಿಗಿ ಹತೋಟಿಯಲ್ಲಿದ್ದವರಿಗೆ ಕಣ್ಣಿನ ಕಾಯಿಲೆ ಹೊಸದಾಗಿ ಬರುವುದು ನೂರಕ್ಕೆ 76ರಷ್ಟು ಕಮ್ಮಿಯಾಯಿತು. ಆಗಲೇ ಶುರುವಾಗಿದ್ದವರಲ್ಲೂ ಅದು ಮುಂದುವರಿಯುವುದು 54ರಷ್ಟು ಕಮ್ಮಿ. ಇನ್ನೂ ಸೋಜಿಗ ಆಮೇಲಿನದ್ದು. ಪರೀಕ್ಷೆ ಮುಗಿದ ಮೇಲೆ ಎರಡೂ ಗುಂಪಿನ ಶುಗರ್ ಹೆಚ್ಚುಕಡಿಮೆ ಒಂದೇ ಆಯಿತು, ಆದರೂ ಮೊದಲು ಹತೋಟಿಯಲ್ಲಿದ್ದವರ ಕಣ್ಣು ವರ್ಷಗಳವರೆಗೆ ಉತ್ತಮವಾಗೇ ಇತ್ತು. ಹೆಚ್ಚಿನವರಿಗೆ ಇರುವ ಟೈಪ್ 2ಕ್ಕೆ 1998ರ ಯುಕೆಪಿಡಿಎಸ್ ಅನ್ನುವ ಬ್ರಿಟನ್ನಿನ ಪರೀಕ್ಷೆ ಇದೆ, ಅದರಲ್ಲಿ ಬಿಪಿ ಬಿಗಿಯಾಗಿ ಇಳಿಸಿದವರಲ್ಲೂ ಕಣ್ಣಿನ ಕಾಯಿಲೆ ಮುಂದುವರಿಯುವುದು ನೂರಕ್ಕೆ 34ರಷ್ಟು ಕಮ್ಮಿ. ನೀವು ಬಿಪಿಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಅದನ್ನೂ ಶುಗರಿನಷ್ಟೇ ಲೆಕ್ಕಕ್ಕೆ ತಗೊಳ್ಳಿ.

ಫೆನೊಫೈಬ್ರೇಟ್ ಅನ್ನುವ ಕೊಬ್ಬಿನ ಮಾತ್ರೆಯ ಬಗ್ಗೆಯೂ ಕೇಳಿ ನೋಡಿ. ಸ್ಕಾಟ್ಲೆಂಡಿನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ರೆಟಿನಾ ಕಾಯಿಲೆ ಆರಂಭದಲ್ಲಿದ್ದವರಿಗೆ ಅದು ಬೆಳೆಯುವುದನ್ನು ನೂರಕ್ಕೆ 27ರಷ್ಟು ತಗ್ಗಿಸಿತು. ನಿಮ್ಮದು ಆರಂಭ ದಾಟಿದೆ, ಕಿಡ್ನಿಯನ್ನೂ ನೋಡಬೇಕಾಗುತ್ತದೆ. ತೀರ್ಮಾನ ಡಾಕ್ಟರದ್ದು.

ಓಸಿಟಿ ಕೋಣೆ, ಸಯನ್

ಅಣ್ಣಾ, ಆ ಹುಡುಗನನ್ನು ಈಗಲೇ ಕರೆದುಕೊಂಡು ಹೋಗಿ. ಟೈಪ್ 2 ಗೊತ್ತಾದ ಕೂಡಲೇ ಒಮ್ಮೆ ಪಾಪೆ ದೊಡ್ಡದು ಮಾಡಿ ರೆಟಿನಾ ನೋಡಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಗೊತ್ತಾಗುವ ಎಷ್ಟೋ ವರ್ಷ ಮುಂಚೆಯೇ ಶುಗರ್ ಶುರುವಾಗಿರುತ್ತದೆ, ಹಾಗಾಗಿ ಮೊದಲ ದಿನವೇ ಚುಕ್ಕಿ ಸಿಕ್ಕವರು ಇದ್ದಾರೆ. ಮನೆಯಲ್ಲಿ ಗರ್ಭಿಣಿಯರಿದ್ದು, ಅವರಿಗೆ ಮೊದಲಿಂದಲೇ ಶುಗರ್ ಇದ್ದರೆ ಅವರನ್ನಂತೂ ಶುರುವಿನ ತಿಂಗಳುಗಳಲ್ಲೇ ತೋರಿಸಿ. ಹುಡುಗನಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ ಅನ್ನುವುದು ಲೆಕ್ಕಕ್ಕಿಲ್ಲ. ನಡುಭಾಗ ಮುಟ್ಟುವವರೆಗೆ ಎಲ್ಲರಿಗೂ ಚೆನ್ನಾಗೇ ಕಾಣುತ್ತದೆ.

ನೀವು ಮುಂದಿನ ಸಲ ಹೋಗುವಾಗ ಹಳೇ ಸ್ಕ್ಯಾನ್ ಎಲ್ಲ ತಾರೀಖಿನ ಪ್ರಕಾರ ಜೋಡಿಸಿ ಒಯ್ಯಿರಿ. ಬಿಪಿ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಹಿಮೋಗ್ಲೋಬಿನ್ ರಿಪೋರ್ಟೂ ಇರಲಿ, ರಕ್ತ ಕಮ್ಮಿ ಇದ್ದರೂ ಕಿಡ್ನಿ ಸರಿ ಇಲ್ಲದಿದ್ದರೂ ಊತ ಹಠ ಹಿಡಿಯುತ್ತದೆ. ಸ್ಟೀರಾಯ್ಡ್ ಹಾಕಿಸಿಕೊಂಡರೆ ಒತ್ತಡ ನೋಡಲು ಯಾವಾಗ ಬರಬೇಕು ಅಂತ ತಾರೀಖು ಬರೆಸಿಕೊಂಡೇ ಎದ್ದೇಳಿ. ಎಡಗಣ್ಣಿನ ಸ್ಕ್ಯಾನೂ ಮಾಡಿಸಿ. ಬಲಗಣ್ಣಿನ ಗಲಾಟೆಯಲ್ಲಿ ಅದನ್ನು ಯಾರೂ ಕೇಳುವುದೇ ಇಲ್ಲ.

ಮತ್ತೆ ಆ ಅರ್ಧ ಚಾ ದಿನಕ್ಕೆ ಎಷ್ಟು ಸಲ ಆಗುತ್ತದೆ ಅಂತ ಡಾಕ್ಟರಿಗೆ ನಿಜ ಹೇಳಿ.

ಗಲ್ಲಾಪೆಟ್ಟಿಗೆ, ಘಾಟ್ಕೋಪರ್

ಚಾ ವಿಷಯ ಮನೆಯವಳು ಆಗಲೇ ಹೇಳಿಬಿಟ್ಟಿದ್ದಾಳೆ ತಂಗಿ. ಬುಧವಾರ ಹೋಟೆಲಿಗೆ ಅರ್ಧ ದಿನ ರಜೆ, ಹುಡುಗನನ್ನೂ ಕರೆದುಕೊಂಡು ಹೋಗುತ್ತೇನೆ. ಸ್ಕ್ಯಾನ್ ಕಾಗದ ಜೋಡಿಸುವ ಕೆಲಸ ಮಗನಿಗೆ ಕೊಟ್ಟಿದ್ದೇನೆ.